ಟೇಪಕ್ಕನ ದೊಡ್ಡ ಗಂಟಲು

ಬಟ್ಟೆ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬಂದವರ ಹಣೆಗೆ ಜ್ವರ ನೋಡುವ ಗನ್ನು ಹಿಡಿಯುವ ಆ ಹೆಂಗಸಿಗೂ ಒಂದು ಹೆಸರಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಎಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವಳು ಟೇಪಕ್ಕ. ಇಪ್ಪತ್ತೊಂಬತ್ತು ವರ್ಷ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಓಡಾಡಿದವಳಿಗೆ ಇನ್ನೇನು ಹೆಸರು ಬಂದೀತು? ರೋಗ ಬಂದು, ಯಾರೂ ಯಾರನ್ನೂ ಮುಟ್ಟಬಾರದು ಎಂದಾದ ಮೇಲೆ ಅಳತೆ ತೆಗೆಯುವ ಕೆಲಸ ನಿಂತೇಹೋಯಿತು. ಎರಡು ಗಜ ದೂರ ನಿಂತು ಸೊಂಟದ ಸುತ್ತಳತೆ ತೆಗೆಯುವ ವಿದ್ಯೆ ಅವಳಿಗೇನು, ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯ ಹಿಂದಿನ ಮೂಲೆಯಲ್ಲಿದ್ದ ಎರಡು ಹೊಲಿಗೆ ಮಿಷನ್ನುಗಳಿಗೆ ಹಳೆಯ ಬೆಡ್‌ಶೀಟು ಹೊದಿಸಿದರು. ಅರವತ್ತೈದು ದಾಟಿದ ಕಟಿಂಗ್ ಮಾಸ್ತರರಿಗೆ ನೀವು ಮನೆಯಲ್ಲೇ ಇರಿ ಎಂದರು. ಟೇಪಕ್ಕನನ್ನು ತಂದು ಬಾಗಿಲಲ್ಲಿ ಕೂರಿಸಿದರು. ಟೇಪು ಮಾತ್ರ ಕೊರಳಲ್ಲೇ ಉಳಿಯಿತು. ತೆಗೆದಿಟ್ಟರೆ ಕತ್ತು ಬೋಳು ಬೋಳು ಎನಿಸುತ್ತಿತ್ತಂತೆ.

ಬಾಗಿಲ ಕೆಲಸ ನೋಡುವವರಿಗೆ ಸುಲಭ. ಅದರ ಸುಖ ಕೂತವಳಿಗೇ ಗೊತ್ತು. ಗನ್ನು ಹಿಡಿಯಬೇಕು, ಕೈಗೆ ಸ್ಯಾನಿಟೈಸರು ಹಾಕಬೇಕು, ಆಮೇಲೆ ರಿಜಿಸ್ಟರು. ಫೋನಿನಲ್ಲಿ ಆ್ಯಪ್ ಇದ್ದವರು ಹಸಿರು ಗುರುತು ತೋರಿಸಿ ಒಳಗೆ ಹೋಗಬಹುದು. ಇಲ್ಲದವರ ಹೆಸರು, ಫೋನ್ ನಂಬರು, ಬಂದ ಹೊತ್ತು ಉದ್ದನೆಯ ಪುಸ್ತಕದಲ್ಲಿ ದಾಖಲಾಗಬೇಕು. ನಾಳೆ ಯಾರಿಗಾದರೂ ರೋಗ ಕಾಣಿಸಿಕೊಂಡರೆ ಅವತ್ತು ಅಂಗಡಿಯಲ್ಲಿದ್ದವರನ್ನೆಲ್ಲ ಹುಡುಕಬೇಕಲ್ಲ, ಅದಕ್ಕೆ. ಒಂದೇ ಪೆನ್ನನ್ನು ಹತ್ತು ಕೈ ಮುಟ್ಟಬಾರದು ಎಂದು ಬರೆಯುವ ಕೆಲಸವೂ ಟೇಪಕ್ಕನದೇ. ಜನ ಮಾಸ್ಕಿನ ಒಳಗಿಂದ ಗೊಣಗುವರು, ಹೊರಗೆ ಬಸ್ಸುಗಳ ಗಲಾಟೆ, ಅರ್ಧ ಕೇಳಿಸಿದರೆ ಅರ್ಧ ಇಲ್ಲ. ಹಾಗಾಗಿ ಅವಳು ಕೇಳಿಸಿದ ಅಂಕಿಗಳನ್ನು ಜೋರಾಗಿ ತಿರುಗಿ ಹೇಳುವಳು, ಅವರು ಹೌದೆಂದು ತಲೆ ಆಡಿಸುವರು, ಅವಳು ಬರೆದುಕೊಳ್ಳುವಳು.

ಬರುವವರು ತರಹೇವಾರಿ. "ನಾನು ಎಲ್ಲಿ ಹೋದೆ, ಬನೀನು ಎಲ್ಲಿ ತಗೊಂಡೆ, ಎಲ್ಲಾ ಸರ್ಕಾರದವರಿಗ್ಯಾಕೆ?" ಎಂದು ಜಗಳಕ್ಕೆ ನಿಲ್ಲುವವರು ಕೆಲವರು. ಇನ್ನು ಕೆಲವರು ಕೇಳದೆಯೇ ಮನೆಯವರೆಲ್ಲರ ನಂಬರು ಒಪ್ಪಿಸುವವರು. ಒಬ್ಬ ಮಹಾನುಭಾವ ತನ್ನ ಅತ್ತೆಯ ನಂಬರು ಬರೆಸಿ, "ಏನೇ ವಿಚಾರಿಸೋದಿದ್ರೂ ಅವರನ್ನೇ ಕೇಳಿ, ಊರ ಸುದ್ದಿಯೆಲ್ಲ ಅವರ ಹತ್ರಾನೇ ಇರೋದು" ಎಂದು ಹೇಳಿ ಹೋದ. ಟೇಪಕ್ಕನಿಗೆ ಇದ್ಯಾವುದರಲ್ಲೂ ತಕರಾರಿರಲಿಲ್ಲ. ತಕರಾರು ಮಾಡುವುದಕ್ಕೂ ತ್ರಾಣ ಬೇಕು. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತಿತ್ತು. ಕಿವಿಯ ಹಿಂದೆ ಮಾಸ್ಕಿನ ದಾರ ಉಜ್ಜಿ ಗಾಯವಾಗಿತ್ತು. ಮನೆಗೆ ಹೋದರೆ ಜೊತೆಯಲ್ಲಿದ್ದ ಅಕ್ಕ ಬಾಗಿಲಲ್ಲೇ ತಡೆದು, "ಮೊದ್ಲು ಸ್ನಾನ, ಆಮೇಲೆ ಮಾತು" ಎನ್ನುವಳು. ಸ್ನಾನ ಮುಗಿಯುವಷ್ಟರಲ್ಲಿ ಮಾತಾಡಲು ಏನೂ ಉಳಿದಿರುತ್ತಿರಲಿಲ್ಲ.

ಅವಳ ಗಂಟಲು ದೊಡ್ಡದು. ಅದು ಕಸುಬಿನಿಂದ ಬಂದದ್ದು. ಅಳತೆ ತೆಗೆಯುವವರು ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು. ಟ್ರಯಲ್ ರೂಮಿನ ಮುಂದೆ ನಿಂತು ಟೇಪಕ್ಕ "ತೋಳು ಇಪ್ಪತ್ತೆರಡೂವರೆ" ಎಂದು ಕೂಗಿದರೆ, ಮೂಲೆಯಿಂದ ಮಾಸ್ತರರು "ಇಪ್ಪತ್ತೆರಡೂವರೆ" ಎಂದು ತಿರುಗಿ ಕೂಗುವರು. ಹೀಗೆ ಎರಡು ಬಾಯಿ ದಾಟಿದ ಮೇಲೆಯೇ ಅಂಕಿ ಪುಸ್ತಕಕ್ಕೆ. ತಪ್ಪಿದರೆ ಬಟ್ಟೆ ಹಾಳು.

ಆದರೆ ಹೆಂಗಸರ ಎದೆ, ಸೊಂಟದ ಅಳತೆಯನ್ನು ಕೂಗುವಂತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಟೀಚರಮ್ಮನ ಎದೆಯಳತೆಯನ್ನು ಅಂಗಡಿಯೆಲ್ಲ ತಿರುಗಿ ನೋಡುವ ಹಾಗೆ ಕೂಗಿಬಿಟ್ಟಿದ್ದಳು. ಆಯಮ್ಮ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋದವರು ಮತ್ತೆ ಬರಲಿಲ್ಲ. ಮಾಸ್ತರರು ಬೈಯಲಿಲ್ಲ. "ಅವರ ಮೈಯ ಲೆಕ್ಕ ಊರಿಗ್ಯಾಕಮ್ಮ?" ಎಂದು ಕೇಳಿ, ಬೇರೆ ದಾರಿ ಕಲಿಸಿದರು. ಅಂಕಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಟೇಪನ್ನು ಹಾಗೇ ತಂದು ಅವರ ಕಣ್ಣ ಮುಂದೆ ಹಿಡಿಯಬೇಕು. ಅವರು ನೋಡಿ ಬರೆದುಕೊಳ್ಳುವರು. ಮಾತಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಹೆಬ್ಬೆರಳು ಎಷ್ಟು ಜನರ ಮಾನ ಕಾಯಿತೋ ಲೆಕ್ಕವಿಟ್ಟವರಿಲ್ಲ.

ಫೋನ್ ನಂಬರಿಗೂ ಹೆಬ್ಬೆರಳು ಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹತ್ತು ಅಂಕಿ, ಅದರಲ್ಲಿ ಮೈಯೆಲ್ಲಿ ಬಂತು?

ಒಂದು ಗುರುವಾರ ಬೆಳಿಗ್ಗೆ ಸಾಲಿನಲ್ಲಿ ಒಬ್ಬ ಹುಡುಗಿ ಬಂದಳು. ಎರಡು ಬೀದಿ ಆಚೆಯ ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವವಳು, ತೋಳ ಮೇಲೆ ಇನ್ನೂ ಹಿಟ್ಟಿನ ಗುರುತಿತ್ತು. ಕೈಯಲ್ಲಿ ಗುಂಡಿ ಒತ್ತುವ ಹಳೇ ಫೋನು. ಅದಕ್ಕೆ ಯಾವ ಆ್ಯಪೂ ಬರುವುದಿಲ್ಲ. ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ನೇರವಾಗಿ ಬಂದಿದ್ದಳು. ತಾಯಿಗೆ ಹಾಕಲು ಮುಂದೆ ಗುಂಡಿ ಇರುವ ಎರಡು ಅಂಗಿ ಬೇಕಿತ್ತು. ನಂಬರನ್ನು ಮೆಲ್ಲಗೆ ಹೇಳಿದಳು. ಟೇಪಕ್ಕ ಜೋರಾಗಿ ತಿರುಗಿ ಹೇಳಿದಳು. ಕೊನೆಯದು ಮೂರೋ ಆರೋ ಅನುಮಾನವಾಗಿ ಮೊದಲಿಂದ ಇನ್ನೊಮ್ಮೆ, ಇನ್ನೂ ಜೋರಾಗಿ. ಹುಡುಗಿ ತಲೆಯಾಡಿಸಿ ಒಳಗೆ ಹೋದಳು. ಅವಳ ಹಿಂದೆ ನಿಂತಿದ್ದ ನೀಲಿ ಮಾಸ್ಕಿನ ಗಂಡಸು ತನ್ನ ಫೋನಿನಲ್ಲಿ ಏನೋ ಒತ್ತುತ್ತಿದ್ದ. ಅವನೂ ನಂಬರು ಬರೆಸಿದ, ಒಳಗೆ ಒಂದು ಸುತ್ತು ಹಾಕಿ ಏನೂ ಕೊಳ್ಳದೆ ಹೋದ. ಈ ಕಾಲದಲ್ಲಿ ಎಲ್ಲರೂ ಯಾವಾಗಲೂ ಫೋನಿನಲ್ಲಿ ಏನೋ ಒತ್ತುತ್ತಲೇ ಇರುತ್ತಾರೆ, ಯಾರು ಗಮನಿಸುತ್ತಾರೆ?

ಹನ್ನೆರಡು ದಿನ ಕಳೆದು ಅದೇ ಹುಡುಗಿ ಮತ್ತೆ ಬಂದಳು. ಕಣ್ಣು ಗುಳಿ ಬಿದ್ದಿದ್ದವು.

"ನಂಬರ್ ಹೇಳಮ್ಮಾ," ಎಂದಳು ಟೇಪಕ್ಕ.

"ಹೇಳಲ್ಲ."

"ಹೇಳದೆ ಒಳಗೆ ಬಿಡೋ ಹಾಗಿಲ್ಲ ಪುಟ್ಟಿ. ರೂಲ್ಸು."

"ಹೋದ ಸಲ ಹೇಳಿದ್ದೆನಲ್ಲ. ನೀವು ಎರಡೆರಡು ಸಲ ಕೂಗಿದ್ರಿ, ಸಾಲಲ್ಲಿದ್ದೋರಿಗೆಲ್ಲ ಬಾಯಿಪಾಠ ಆಗೋ ಹಾಗೆ." ಅವಳ ದನಿ ಏರಲಿಲ್ಲ. ಜಗಳವಾಡಲೂ ಆಗದಷ್ಟು ಸೋತಿದ್ದಳು. "ಇಲ್ಲಿಂದ ಹೋಗಿ ಇಪ್ಪತ್ತು ನಿಮಿಷಕ್ಕೆ ಮೊದಲನೇ ಫೋನ್ ಬಂತು. ಗುಂಡಿ ಇರೋ ಅಂಗಿ ತಗೊಂಡ್ಯಾ ಅಂತ ಕೇಳಿದ. ಅವತ್ತಿಂದ ದಿನಾ ಮಾಡ್ತಾನೆ. ಸಲಕ್ಕೊಂದು ನಂಬರಿಂದ. ಏನೇನು ಮಾತಾಡ್ತಾನೆ ಅಂತ ನಿಮ್ಮ ಮುಂದೆ ಹೇಳಕ್ಕಾಗಲ್ಲ."

"ಅಯ್ಯೋ. ನಂಬರ್ ಬದಲಾಯಿಸ್ಬಾರ್ದಾ ಮಗಾ?"

"ಪೊಲೀಸರೂ ಅದನ್ನೇ ಅಂದ್ರು. ಹೇಗೆ ಬದಲಾಯಿಸ್ಲಿ ಅಕ್ಕ? ಅಮ್ಮನ ಫೈಲಲ್ಲಿ ಇರೋದು ಈ ನಂಬರೇ. ವಾರ್ಡಿಗೆ ಯಾರನ್ನೂ ಬಿಡಲ್ಲ, ಅವರೇ ಫೋನ್ ಮಾಡ್ಬೇಕು. ಹೊಸ ನಂಬರ್ ಕೆಳಗೆ ಕೌಂಟರಲ್ಲಿ ಕೊಟ್ಟು ಅದು ಮೇಲೆ ವಾರ್ಡಿನವರೆಗೆ ಹೋಗದೇ ಇದ್ರೆ? ಅಮ್ಮ ಅಲ್ಲಿರೋವರೆಗೆ ಇದೇ ನಂಬರೇ ನನಗೆ ಗತಿ." ಅವಳು ಕೈಯಲ್ಲಿದ್ದ ಫೋನನ್ನು ಮಗುಚಿ ಹಿಡಿದಳು. "ನರ್ಸುಗಳು ತಮ್ಮ ತಮ್ಮ ಫೋನಿಂದ ಮಾಡ್ತಾರೆ. ಯಾವುದು ಅವನದು, ಯಾವುದು ವಾರ್ಡಿನದು ಅಂತ ಗೊತ್ತಾಗಲ್ಲ. ಮೊನ್ನೆ ಒಂದು ಕಾಲ್ ಬಂತು. ಅವನೇ ಅಂತ ಕಟ್ ಮಾಡಿದೆ. ಆಮೇಲೆ ನರ್ಸು ಹೇಳಿದ್ರು, ಅಮ್ಮ ಮಾತಾಡ್ಬೇಕು ಅಂತ ಹಟ ಮಾಡಿದ್ರಂತೆ, ಎರಡು ನಿಮಿಷ ಅಂತ ಫೋನ್ ಹಿಡಿದಿದ್ರಂತೆ. ನಾನು ಕಟ್ ಮಾಡಿದೆ. ಈಗ ಅಮ್ಮಂಗೆ ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದ್ದಾರೆ. ಮಾತಿಲ್ಲ."

ಟೇಪಕ್ಕನಿಗೆ ಟೀಚರಮ್ಮ ಬಟ್ಟೆ ಬಿಟ್ಟು ಹೋದ ದಿನ ನೆನಪಾಯಿತು. ಮೂವತ್ತು ವರ್ಷಕ್ಕೆ ಅದೇ ತಪ್ಪನ್ನು ಮತ್ತೆ ಮಾಡಿದ್ದಳು. ಈ ಸಲ ದಿನಕ್ಕೆ ಎಂಬತ್ತು ಸಲದಂತೆ, ನಾಲ್ಕು ತಿಂಗಳಿಂದ.

ಅವಳು ರಿಜಿಸ್ಟರಿನ ಹಾಳೆ ಹಿಂದಕ್ಕೆ ತಿರುಗಿಸಿದಳು. ಆ ಗುರುವಾರ, ಹುಡುಗಿಯ ಹೆಸರು, ಅದರ ಕೆಳಗೆ ನೀಲಿ ಮಾಸ್ಕಿನವನ ಸಾಲು.

"ನನ್ನ ಹಿಂದೆ ನಿಂತಿದ್ದೋನ ನಂಬರ್ ನನಗೆ ಕೊಡಿ," ಎಂದಳು ಹುಡುಗಿ.

ಟೇಪಕ್ಕ ಪುಸ್ತಕದ ಮೇಲೆ ಕೈಯಿಟ್ಟಳು. ಅವನೇ ಎಂದು ಹೇಗೆ ಹೇಳುವುದು? ಸಾಲಿನಲ್ಲಿ ಹತ್ತು ಜನರಿದ್ದರು, ಹತ್ತು ಜನಕ್ಕೂ ಕಿವಿಯಿತ್ತು. "ಕೊಡಲ್ಲ ತಾಯಿ. ಕೊಟ್ರೆ ಮತ್ತೆ ಅದೇ ಕೆಲಸ ಮಾಡಿದ ಹಾಗಾಗುತ್ತೆ. ನಾನೇ ಮಾಡಿ ಕೇಳ್ತೀನಿ." ಕೌಂಟರಿನ ಫೋನಿನಿಂದ ಮಾಡಿದಳು. ನೀವು ಡಯಲ್ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದಿತು ರೆಕಾರ್ಡಿನ ದನಿ. ನಿಜ ಹೇಳಿದವಳು ಹನ್ನೆರಡು ದಿನದಿಂದ ನರಳುತ್ತಿದ್ದಳು. ಸುಳ್ಳು ಬರೆಸಿದವನು ಹಾಯಾಗಿದ್ದ. ನಮ್ಮನ್ನೆಲ್ಲ ಕಾಪಾಡಲೆಂದು ಇಟ್ಟ ಪುಸ್ತಕದ ಹಣೆಬರಹ ಇದು.

"ಈಗ ಏನು ಬೇಕಿತ್ತು ಹೇಳು," ಎಂದಳು ಟೇಪಕ್ಕ.

ಬೇಕಿದ್ದದ್ದು ಇನ್ನೊಂದು ಅಂಗಿ. ತಾಯಿಯ ಎರಡೂ ಕೈಗೆ ಸೂಜಿ ಹಾಕಿದ್ದರಿಂದ ತೋಳಿನೊಳಗೆ ಕೈ ತೂರಿಸಲು ಆಗುತ್ತಿರಲಿಲ್ಲ. ತೋಳಿನ ಹೊಲಿಗೆ ಬಿಚ್ಚಿ, ಕಟ್ಟಿಕೊಳ್ಳಲು ಲಾಡಿ ಇಟ್ಟು ಕಳಿಸಿ ಎಂದಿದ್ದರು ವಾರ್ಡಿನವರು. ಟೇಪಕ್ಕ ರಿಜಿಸ್ಟರು ಮುಚ್ಚಿ ಎದ್ದು ಹುಡುಗಿಯನ್ನು ಒಳಗೆ ಕರೆದಳು, ಒಂದು ಅಂಗಿ ಆರಿಸಿಕೊಂಡಳು. ಹಿಂದಿನ ಮೂಲೆಗೆ ಹೋಗಿ ಬೆಡ್‌ಶೀಟು ಸರಿಸಿ ಮಿಷನ್ನಿಗೆ ದಾರ ಹಾಕಿದಳು. ಬಾಗಿಲಲ್ಲಿ ಸಾಲು ಬೆಳೆಯಿತು. "ಟೇಪಕ್ಕಾ, ಬಾಗಿಲು ಬಿಟ್ಟು ಅಲ್ಲೇನ್ ಮಾಡ್ತಿದ್ದೀರಿ?" ಎಂದು ಯಜಮಾನರು ಕೂಗಿದರು. ಅವಳಿಗೆ ಕೇಳಿಸಲಿಲ್ಲ. ಬೇಡವಾದದ್ದು ಕೇಳಿಸದಿರುವುದು ಮಿಷನ್ನಿನ ಮುಂದೆ ಕೂತವರಿಗೆ ಸಿಗುವ ಒಂದೇ ಸವಲತ್ತು.

ಎರಡನೇ ತೋಳಿನ ಲಾಡಿ ಹೊಲಿಯುತ್ತಿರುವಾಗ ಹುಡುಗಿಯ ಕೈಯಲ್ಲಿ ಫೋನು ಬಡಿದುಕೊಂಡಿತು. ಹೊಸ ನಂಬರು. ಹುಡುಗಿ ಅದನ್ನು ಟೇಪಕ್ಕನ ಮುಂದೆ ಹಿಡಿದಳು. "ನೀವೇ ಎತ್ತಿ ಅಕ್ಕ. ನನ್ನ ಕೈಲಾಗಲ್ಲ."

ಟೇಪಕ್ಕ ಎತ್ತಿದಳು. ಬೈಗುಳವನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು, "ಯಾರದು?" ಎಂದಳು.

"ವಾರ್ಡಿಂದ. ಮಗಳು ಇದ್ದಾರಾ? ಅವರ ತಾಯಿ ಮಾತಾಡಲೇಬೇಕು ಅಂತಿದ್ದಾರೆ, ಮಾಸ್ಕ್ ತೆಗೆದಿದ್ದೀವಿ. ಎರಡೇ ನಿಮಿಷ. ಬೇಗ."

ಟೇಪಕ್ಕ ಹುಡುಗಿಯ ರಟ್ಟೆ ಹಿಡಿದಳು. ನಾಲ್ಕು ತಿಂಗಳಲ್ಲಿ ಅವಳು ಮುಟ್ಟಿದ ಮೊದಲ ಪರರ ಮೈ ಅದು. ಟ್ರಯಲ್ ರೂಮಿನೊಳಗೆ ತಳ್ಳಿ, ಫೋನು ಕೈಗಿಟ್ಟು, "ನಿಮ್ಮಮ್ಮ" ಎಂದು ಕಿವಿಯಲ್ಲಿ ಹೇಳಿ ಪರದೆ ಎಳೆದಳು.

ತಾಯಿಗೆ ಕಿವಿ ಮಂದವಿರಬೇಕು. "ಅಮ್ಮಾ, ನಾನು! ಅವತ್ತು ಕಟ್ ಮಾಡಿದ್ದು..." ಎಂದು ಹುಡುಗಿ ಕೂಗಿ ಮಾತಾಡತೊಡಗಿದಳು. ಆ ಹೊತ್ತಿಗೆ ಯಜಮಾನರು ಅಲ್ಲಿಗೇ ಬಂದಿದ್ದರು, ಅವರ ಹಿಂದೆ ಕಾದು ಸಾಕಾದ ಏಳೆಂಟು ಗಿರಾಕಿಗಳು. ಎಲ್ಲರ ಕಿವಿಯೂ ಪರದೆಯ ಕಡೆ ತಿರುಗಿತು. ಹುಡುಗಿಯ ನಂಬರು ಮೊದಲೇ ಅಂಗಡಿಯ ಪಾಲಾಗಿತ್ತು, ಈಗ ಅವಳು ತಾಯಿಯೊಂದಿಗೆ ಆಡುವ ಮಾತೂ ಪಾಲಾಗುವುದರಲ್ಲಿತ್ತು.

ಟೇಪಕ್ಕ ಪರದೆಗೆ ಬೆನ್ನು ಕೊಟ್ಟು ನಿಂತಳು. ಕೊರಳಿಂದ ಟೇಪು ಎಳೆದು ಗಾಳಿಯಲ್ಲಿ ಹಿಡಿದಳು. "ತೋಳು ಇಪ್ಪತ್ತೆರಡೂವರೆ!" ಎಂದು ಕೂಗಿದಳು. ತಿರುಗಿ ಕೂಗಲು ಮಾಸ್ತರರಿರಲಿಲ್ಲ, ಅವರ ಪಾಲನ್ನೂ ತಾನೇ ಕೂಗಿದಳು. "ಇಪ್ಪತ್ತೆರಡೂವರೆ! ಕಾಲರ್ ಹದಿನೈದು! ಹದಿನೈದು! ಉದ್ದ ನಲವತ್ತೆರಡು!"

"ಯಾರ ಅಳತೆ ಇದು? ತಲೆ ಕೆಟ್ಟಿದೆಯಾ ನಿಮಗೆ?" ಎಂದರು ಯಜಮಾನರು.

"ಭುಜ ಹದಿನೇಳು! ಹದಿನೇಳು!" ಎಂದಳು ಟೇಪಕ್ಕ ಅವರ ಮುಖಕ್ಕೇ. ಗಂಟಲ ನರ ಉಬ್ಬಿತ್ತು, ಕಣ್ಣಲ್ಲಿ ನೀರಿತ್ತು, ಮಾಸ್ಕು ಒದ್ದೆಯಾಗಿ ಮೂಗಿಗೆ ಅಂಟಿತ್ತು. ಎರಡು ನಿಮಿಷಕ್ಕೆ ಎಷ್ಟು ಅಂಕಿ ಬೇಕೋ ಅಷ್ಟನ್ನೂ ಕೂಗಿದಳು. ಪರದೆಯ ಒಳಗೆ ಹುಡುಗಿ ಏನು ಹೇಳಿದಳು, ತಾಯಿ ಏನೆಂದಳು, ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಟೇಪಕ್ಕನಿಗೂ ಗೊತ್ತಿಲ್ಲ. ಹೇಳುತ್ತಿರುವ ನನಗೂ ಗೊತ್ತಿಲ್ಲ, ಗೊತ್ತಿರಬೇಕಾದ್ದೂ ಇಲ್ಲ.

ಹುಡುಗಿ ಹೊರಗೆ ಬಂದು, ಟೇಪಕ್ಕ ಉಳಿದ ಲಾಡಿ ಹೊಲಿದು ಕೊಟ್ಟ ಮೇಲೆ ಅಂಗಿ ತೆಗೆದುಕೊಂಡು ಹೋದಳು. ಅವತ್ತು ಸಂಜೆ ಟೇಪಕ್ಕ ಯಜಮಾನರ ಮುಂದೆ ನಿಂತು, ಇನ್ನು ಮೇಲೆ ಯಾರ ನಂಬರನ್ನೂ ಬಾಯಲ್ಲಿ ಕೇಳುವುದಿಲ್ಲ ಎಂದಳು. ಅಳತೆ ನಿಂತ ಮೇಲೆ ಹಾಗೇ ಬಿದ್ದಿದ್ದ ಆಲ್ಟರೇಶನ್ ಚೀಟಿಗಳ ಕಟ್ಟುಗಳಿದ್ದವು. ಬಂದವರು ತಮ್ಮ ಪೆನ್ನಿನಲ್ಲಿ ಚೀಟಿಯ ಮೇಲೆ ಬರೆದು ಕೊಡಲಿ, ತಾನು ಗ್ಲೌಸು ಹಾಕಿಕೊಂಡು ಅದನ್ನು ನೋಡಿ ಬರೆದು, ಆಮೇಲೆ ಹರಿದು ಹಾಕುತ್ತೇನೆ, ಪುಸ್ತಕದ ಉಳಿದ ಸಾಲುಗಳ ಮೇಲೆ ರಟ್ಟು ಮುಚ್ಚುತ್ತೇನೆ ಎಂದಳು.

"ಹೊತ್ತು ಹಿಡಿಯುತ್ತೆ," ಎಂದರು ಯಜಮಾನರು.

"ಹಿಡೀಲಿ. ಇಲ್ಲಾಂದ್ರೆ ಬಾಗಿಲಿಗೆ ಬೇರೆಯವರನ್ನ ನೋಡ್ಕೊಳ್ಳಿ."

ಆ ಸ್ಟೂಲಿನ ಮೇಲೆ ಕೂರಲು ಬೇರೆ ಯಾರೂ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಯಜಮಾನರು ಚೀಟಿಗಳ ಒಂದು ಕಟ್ಟನ್ನು ಅವಳ ಕಡೆ ಸರಿಸಿದರು.

ಮೂರು ವಾರದ ಮೇಲೆ ಹುಡುಗಿ ಸಾಲಿನಲ್ಲಿ ಕಾಣಿಸಿದಳು. ಸರದಿ ಬಂದಾಗ ಟೇಪಕ್ಕ ಹಣೆಗೆ ಗನ್ನು ಹಿಡಿದಳು, ಚೀಟಿ ಮುಂದೆ ಸರಿಸಿದಳು, ಏನನ್ನೂ ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ.

"ನಂಬರ್ ಬದಲಾಯಿಸಿದೆ ಅಕ್ಕ," ಎಂದಳು ಹುಡುಗಿ.

ಅಮ್ಮ ಅಲ್ಲಿರುವವರೆಗೆ ಬದಲಾಯಿಸಲಾರೆ ಎಂದಿದ್ದವಳು. ಟೇಪಕ್ಕನ ಕೈ ಪುಸ್ತಕದ ಮೇಲೆ ಹಾಗೇ ನಿಂತಿತು. "ಯಾವಾಗ?" ಎಂದಳು, ಪಕ್ಕದವರಿಗೂ ಕೇಳಿಸದಷ್ಟು ಸಣ್ಣಗೆ.

"ಅವತ್ತಿಂದ ನಾಲ್ಕನೇ ದಿನಕ್ಕೆ ಹೋಗ್ಬಿಟ್ರು."

ಹುಡುಗಿ ಬಾಗಿ ಚೀಟಿಯ ಮೇಲೆ ಹತ್ತು ಅಂಕಿ ಬರೆದಳು. ಮಡಚಿದಳು. ಟೇಪಕ್ಕ ರಿಜಿಸ್ಟರಿನ ರಟ್ಟು ಸರಿಸಿ ಪೆನ್ನು ತೆಗೆದಾಗ ಹುಡುಗಿ ತಲೆ ಅಲ್ಲಾಡಿಸಿದಳು.

"ನಾನು ಒಳಗೆ ಹೋಗ್ತಿಲ್ಲ, ಏನೂ ತಗೋಬೇಕಾಗಿಲ್ಲ. ಇದು ಬುಕ್ಕಿಗಲ್ಲ ಅಕ್ಕ. ನಿಮಗೆ."

ಅವಳು ಹೋದ ಮೇಲೂ ಟೇಪಕ್ಕ ಚೀಟಿಯನ್ನು ಬಿಚ್ಚಿ ನೋಡಲಿಲ್ಲ. ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅದನ್ನು ತನ್ನ ಪರ್ಸಿನೊಳಗಿಟ್ಟು, ಮುಂದಿನವರ ಚೀಟಿಗೆ ಕೈ ಚಾಚಿದಳು.