ಸಣ್ಣ ಹಲ್ಲಿನ ಬ್ಲೇಡು

ಅರವತ್ತರ ದಶಕದ ಮಾತು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವವರೊಬ್ಬರಿದ್ದರು. ಯಾರು ದೇವರ ಪಟ ಒಯ್ಯಲು ಬಂದರೂ, ಚೌಕಟ್ಟಿನ ಮೂಲೆಯ ಮೇಲೆ ಹೆಬ್ಬೆರಳ ಉಗುರು ಎಳೆದು ತೋರಿಸಿ, “ಮೊದಲ ಮೂಲಿ ನೋಡ್ರಿ, ದೇವರನ್ನ ಆಮ್ಯಾಲೆ ನೋಡೀರಂತ” ಅನ್ನುವರು.

ಅವರ ಹಳೆಯ ಗರಗಸದಲ್ಲಿ ಓರೆಯಾಗಿ ಕೊಯ್ದರೆ ಕಟ್ಟಿಗೆಯ ಅಂಚಿನಲ್ಲಿ ಸಿಬಿರು ಏಳುತ್ತಿತ್ತು, ಮೂಲೆಯಲ್ಲಿ ಸಂದು ಉಳಿಯುತ್ತಿತ್ತು. ಸಂದಿಗೆ ಮೇಣ ತುಂಬಿ ಬಣ್ಣ ಬಳಿಯುವುದೆಂದರೆ ಅವರಿಗೆ ಸುಳ್ಳು ಹೇಳಿದಂತೆ. ಅದಕ್ಕೇ ಮುಂಬಯಿಯಿಂದ ಸಣ್ಣ ಹಲ್ಲಿನ ಬ್ಲೇಡು ತರಿಸಿ ಗರಗಸಕ್ಕೆ ಹಾಕಿದರು. ಆಮೇಲೆ ಅವರ ಮೂಲೆಗಳಲ್ಲಿ ಉಗುರಿಗೆ ಏನೂ ತಗುಲುತ್ತಿರಲಿಲ್ಲ.

ಆ ವರ್ಷ ಗಣಪತಿ ಕೂಡಿಸುವ ಹಿಂದಿನ ದಿನ, ಅವರು ಊಟಕ್ಕೆ ಹೋದ ಹೊತ್ತಿನಲ್ಲಿ, ಓಣಿಯ ಹಿರಿಯರು ಕೇಳದೆಯೇ ಆ ಗರಗಸ ಒಯ್ದರು. ದೇವರ ಕೆಲಸಕ್ಕೆ ಯಾರನ್ನೇನು ಕೇಳುವುದು ಎಂಬ ದರ್ಪ. ಮಂಟಪಕ್ಕೆಂದು ಹಳೆಯ ಬಾಗಿಲಿನ ಕಟ್ಟಿಗೆಯನ್ನು ಮೊಳೆ ಕೀಳದೆ ಕೊಯ್ದರು. ಬ್ಲೇಡಿನ ಹಲ್ಲು ಮುರಿದು ಉದುರಿದವು. ಗರಗಸ ಮರಳಿ ಕೊಡುವಾಗ ಒಬ್ಬರು ನಗುತ್ತ, “ಗಣಪ್ಪಂದೂ ಒಂದ ಹಲ್ಲು ಮುರದೈತಲ್ರಿ” ಎಂದರು. ಆ ನಗೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕಟ್ಟು ಹಾಕುವವರು ಗರಗಸ ತೆಗೆದುಕೊಂಡು ಒಳಗಿಟ್ಟರು. ಮರುದಿನ ಮಂಗಳಾರತಿಗೆ ಬಂದರು, ಕೈ ಮುಗಿದರು, ಆಮೇಲೆ ಮಂಟಪದ ಮೂಲೆ ಮುಟ್ಟಿ ನೋಡಿದರು. ಕಿರುಬೆರಳೇ ಸಂದಿನೊಳಗೆ ಹೋಯಿತು. ಬೆರಳು ಹೊರಗೆ ತೆಗೆಯದೆ ಹಿರಿಯರ ಕಡೆ ತಿರುಗಿದರು.

“ಹಲ್ಲು ಹೋದ್ರ ಹೋಗ್ಲಿ. ದೇವರ ತಲಿ ಮ್ಯಾಲ ಇಂಥಾ ಮೂಲಿ ಇಡಾಕ ನಿಮಗ ನಾಚಿಕಿ ಬರಲಿಲ್ಲೇನ್ರಿ?”