ಬೇಲಿಯಾಚೆಯ ಕುಣಿ

ದೇವರನ್ನು ನಾನು ಬಿಟ್ಟಿಲ್ಲ. ಕಟ್ಟಳೆಗಳನ್ನು ನಂಬುವುದನ್ನು ಮಾತ್ರ ಇಜೇರಿ ಎಂಬ ಊರಲ್ಲೇ ಬಿಟ್ಟುಬಂದೆ.

ನಿಜಾಮರ ಕಾಲ. ಅಲ್ಲಿ ಹೊಸದಾಗಿ ಕ್ರೈಸ್ತರಾದವರಿಗೆ ಜಪ ಕಲಿಸುವ ಉಪದೇಶಿ ನಾನು. ನಮ್ಮ ನಂಬಿಕೆಯ ಸಾರ ಹೇಳುವ ‘ವಿಶ್ವಾಸ ಸಂಗ್ರಹ’ದ ಜಪ ಅಪ್ಪನಿಗೆ ಬಾಯಿಪಾಠವಾಗದೆ, ಕೂಸಿಗೆ ತಲೆಗೆ ನೀರು ಹಾಕಿ ಕ್ರೈಸ್ತನಾಗಿಸುವ ಜ್ಞಾನಸ್ನಾನವಿಲ್ಲ ಎಂದು ಪಾದ್ರಿಗಳ ಅಪ್ಪಣೆ. ಕೂಲಿಯ ಮರೆಪ್ಪ ಅದರಲ್ಲಿ ‘ಪಾಪಕ್ಷಮೆ’ ಎಂಬ ಮಾತು ಬಂದಾಗಲೆಲ್ಲ ತಡವರಿಸುತ್ತಿದ್ದ. ಎರಡು ಸಲ ವಾಪಸು ಕಳಿಸಿದೆ. ಮೂರನೆಯ ಸಲ ಬರುವ ಮೊದಲೇ ಅವನ ಕೂಸು ಜ್ವರದಲ್ಲಿ ತೀರಿಕೊಂಡಿತು.

ಜ್ಞಾನಸ್ನಾನವಾಗದ ಕೂಸನ್ನು ನಮ್ಮ ಸಮಾಧಿಭೂಮಿಯ ಬೇಲಿಯೊಳಗೆ ಹೂಳುವಂತಿಲ್ಲ. ಅದನ್ನೂ ನಾನೇ ಹೇಳಬೇಕಾಯಿತು.

“ಊರಾಗ ಹೊರಗಿಟ್ರಂತ ನಿಮ್ಮ ದೇವರ ಕಡಿ ಬಂದೇವ್ರಿ ಮಾಸ್ತರ,” ಎಂದ ಮರೆಪ್ಪ. “ಇಲ್ಲೀನೂ ಹೊರಗ ಏನ್ರಿ?”

“ಸಾಯೋ ಕೂಸಿಗೆ ಪಾದ್ರಿ ಇಲ್ದೆ, ಜಪ ಇಲ್ದೆ ಯಾರರೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದಿತ್ತು,” ಎಂದೆ.

ಅವನ ಹೆಂಡತಿ ತಲೆ ಎತ್ತಿದಳು. “ಮನ್ಯಾಗ ಕೊಡದ ತುಂಬ ನೀರಿತ್ತಲ್ರಿ. ಮೊದಲ ಯಾಕ ಹೇಳ್ಲಿಲ್ರಿ?”

ಅಂಥ ಪವಿತ್ರ ಕೆಲಸವನ್ನು ಇವರ ಕೈಗೆ ಬಿಡುವುದೇ ಎಂದುಕೊಂಡು ಹೇಳಿರಲಿಲ್ಲ.

ಮರೆಪ್ಪ ಬೇಲಿಯಾಚೆ ಕೂಸಿನ ಕುಣಿಗೆ ಮಣ್ಣು ಮುಚ್ಚಿ, ಸಲಿಕೆ ಇಟ್ಟು, ನನ್ನ ಮುಂದೆ ಕೈಕಟ್ಟಿ ನಿಂತ. “ಈಗ ಪೂರಾ ಬರ್ತದ್ರಿ, ಕೇಳ್ರಿ,” ಎಂದು ಜಪವನ್ನು ಮೊದಲಿಂದ ಕೊನೆಯವರೆಗೆ ಹೇಳಿದ.

ಒಂದು ತಪ್ಪೂ ಇರಲಿಲ್ಲ. ಅದು ನನಗೆ ಹೇಗೆ ಗೊತ್ತು ಅಂತೀರಾ? ಆ ಹೊತ್ತಿನಲ್ಲೂ ನಾನು ತಪ್ಪು ಹುಡುಕುತ್ತಲೇ ಕೇಳಿದ್ದೆ.