ಪೀಣ್ಯದ ಬೆರಳಕ್ಕ

ಪಟ್ಟಂದೂರು ಅಗ್ರಹಾರದ ಪಕ್ಕದ ಐಟಿ ಪಾರ್ಕಿನಲ್ಲಿ, ನೆಲಮಹಡಿಯ ಫಸ್ಟ್ ಏಡ್ ರೂಮಿನಲ್ಲಿ ಕೂತಿರುವ ಮಹಾನಂದಾಗೆ ಈಗ ಏನು ಕೆಲಸ ಅಂತೀರಿ? ತಲೆನೋವು ಅಂದವರಿಗೆ ಒಂದು ಮಾತ್ರೆ, ಹೊಸ ಚಪ್ಪಲಿ ಕಚ್ಚಿದವರಿಗೆ ಒಂದು ಬ್ಯಾಂಡೇಡು, ತಿಂಡಿ ಬಿಟ್ಟು ಮೀಟಿಂಗಿಗೆ ಕೂತು ತಲೆ ಸುತ್ತಿದವರಿಗೆ ಒಂದು ಲೋಟ ಗ್ಲೂಕೋಸು. ಎ.ಸಿ. ಇದೆ, ತಿರುಗೋ ಕುರ್ಚಿ ಇದೆ, ಬಂದವರೆಲ್ಲ ‘ಥ್ಯಾಂಕ್ಯೂ ಸಿಸ್ಟರ್’ ಅಂದು ಹೋಗುತ್ತಾರೆ. ಇಷ್ಟೆಲ್ಲ ಇದ್ದೂ ಅವಳಿಗೆ ಸಮಾಧಾನ ಇಲ್ಲ. ಈ ಹದಿನೆಂಟನೇ ಇಸವಿಯಲ್ಲೂ, ಪೀಣ್ಯ ಬಿಟ್ಟು ನಾಲ್ಕು ವರ್ಷ ಆದಮೇಲೂ, ಮಾತೆತ್ತಿದರೆ ಅಲ್ಲಿಗೇ ಓಡುತ್ತಾಳೆ. “ಇಲ್ಲಿ ನಾ ಸಿಸ್ಟರ್ ಆಗೇನ್ರಿ. ಅಲ್ಲಿ ನನಗೊಂದು ಹೆಸರಿತ್ತು” ಅನ್ನುತ್ತಾಳೆ.

ಆ ಹೆಸರು ಬೆರಳಕ್ಕ. ಕೇಳಿದರೆ ನಗು ಬರುತ್ತೆ ಅಲ್ವಾ? ಪೀಣ್ಯದಲ್ಲಿ ಯಾರೂ ನಗುತ್ತಿರಲಿಲ್ಲ.

ಕುಷ್ಟಗಿ ಕಡೆಯ ಹುಡುಗಿ. ನರ್ಸಿಂಗ್ ಮುಗಿಸಿ ಎರಡು ಸಾವಿರದ ಎಂಟರಲ್ಲಿ ಬೆಂಗಳೂರಿಗೆ ಬಂದು ಆಂಬುಲೆನ್ಸಿಗೆ ಸೇರಿದಳು. ಪೀಣ್ಯ ಎರಡನೇ ಹಂತದಲ್ಲಿ ಒಂದು ಬೇವಿನ ಮರದಡಿ ಆ ಗಾಡಿ ನಿಂತಿರುತ್ತಿತ್ತು. ಹಿಂದೆ ರೋಗಿಯ ಪಕ್ಕ ಇವಳು, ಮುಂದೆ ಸ್ಟೇರಿಂಗಿನಲ್ಲಿ ಸರ್ಜಾಪುರದ ನಲ್ಲಪ್ಪ. ನಲ್ಲಪ್ಪನಿಗೆ ಐವತ್ತರ ಹತ್ತಿರ ವಯಸ್ಸು, ಬಾಯಿ ತುಂಬ ಎಲೆ ಅಡಿಕೆ, ಇವಳನ್ನು ಕರೆಯುತ್ತಿದ್ದದ್ದು ‘ಅಮ್ಮಣ್ಣಿ’ ಎಂದು. ಇವಳ ಡಬ್ಬಿಯ ಜೋಳದ ರೊಟ್ಟಿ ನೋಡಿ, “ಇದೇನಮ್ಮಣ್ಣಿ ಇಂಗೈತೆ, ಸೈಲೆನ್ಸರ್ಗೆ ಪ್ಯಾಕಿಂಗ್ ಆಕ್ಬೋದಲ್ಲ!” ಅನ್ನುತ್ತಿದ್ದ. ಅನ್ನುತ್ತಲೇ ಅರ್ಧ ಮುರಿದುಕೊಂಡು, ಶೇಂಗಾ ಚಟ್ನಿ ಸಮೇತ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮಾರನೇ ದಿನ ಅವನ ಮನೆಯಿಂದ ಸೊಪ್ಪಿನ ಸಾರು ಬರುತ್ತಿತ್ತು. ಆ ಮರದ ಕೆಳಗಿನ ಊಟದ ರುಚಿ ಈ ಪಾರ್ಕಿನ ಫುಡ್ ಕೋರ್ಟಿನ ಯಾವ ಅಂಗಡಿಯಲ್ಲೂ ಇಲ್ಲ ಎಂದು ಇವತ್ತಿಗೂ ಹೇಳುತ್ತಾಳೆ.

ವಿಳಾಸ ಹುಡುಕುವುದೇ ಒಂದು ಸಾಹಸ ಆಗ. ಫೋನು ಮಾಡಿದವರನ್ನು ಎಲ್ಲಿ ಅಂದರೆ, “ಲಗ್ಗೆರೆ, ನಮ್ಮ ಯಲಬುರ್ಗಿಯವ್ರ ವಠಾರ” ಎನ್ನುವರು. ಕ್ರಾಸು ಗೊತ್ತಿಲ್ಲ, ಮೇನು ಗೊತ್ತಿಲ್ಲ. ಯಾವ ವಠಾರದಲ್ಲಿ ಯಾವ ಊರಿನವರು ಇದ್ದಾರೆ ಅನ್ನುವುದನ್ನು ಮಹಾನಂದಾ ಬಾಯಿಪಾಠ ಮಾಡಿಕೊಂಡಿದ್ದಳು. ಅವಳೂ ಲಗ್ಗೆರೆಯಲ್ಲೇ ಶೀಟಿನ ಮನೆಯೊಂದರಲ್ಲಿ ಬಾಡಿಗೆಗಿದ್ದವಳು ತಾನೆ.

ಪೀಣ್ಯ ಅಂದರೆ ಆಗ ಶೆಡ್ಡಿಗೆ ಶೆಡ್ಡು ತಾಗಿಕೊಂಡಿದ್ದ ಊರು, ಶೆಡ್ಡಿನೊಳಗೆ ಪವರ್ ಪ್ರೆಸ್ಸು. ತಗಡನ್ನು ಕೆಳಗಿಟ್ಟರೆ ಮೇಲಿಂದ ಧಡ್ ಎಂದು ಬೀಳುವ ಯಂತ್ರ ಅದು. ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಬೀಳಬೇಕು, ಆಗ ಕೈ ಒಳಗೆ ಇರುವ ಮಾತೇ ಇಲ್ಲ. ಆದರೆ ಹಾಗೆ ಮಾಡಿದರೆ ಪ್ರೊಡಕ್ಷನ್ ನಿಧಾನ ಆಗುತ್ತಲ್ಲ ಸ್ವಾಮಿ! ಒಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿಬಿಡುವುದು, ಇಲ್ಲವೇ ಎರಡನ್ನೂ ಬಿಚ್ಚಿ ಕಾಲಿಗೊಂದು ಪೆಡಲ್ ಕೊಡುವುದು. ತಿಂಗಳಿಗೆ ನಾಲ್ಕೈದು ಸಲವಾದರೂ ಮಹಾನಂದಾಳ ಗಾಡಿ ಬೆರಳಿಗಾಗಿ ಓಡುತ್ತಿತ್ತು.

ತುಂಡಾದ ಬೆರಳನ್ನು ಬೇಗ ತಂದರೆ ಮತ್ತೆ ಜೋಡಿಸಬಹುದು ಎನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಯಂತ್ರ ತಣ್ಣಗಿಡುವ ಕೂಲೆಂಟ್ ಎಣ್ಣೆಯಲ್ಲಿ ಅದ್ದಿ ತಂದರು. ಇನ್ನೊಬ್ಬರು ಸೀದಾ ಐಸಿನ ಗಡ್ಡೆಯೊಳಗೆ ಹುದುಗಿಸಿ ಬೇಯಿಸಿದ ಹಾಗೆ ಬೆಳ್ಳಗೆ ಮಾಡಿಟ್ಟಿದ್ದರು. ಒಂದು ಶೆಡ್ಡಿನಲ್ಲಂತೂ ಗೆಳೆಯರೆಲ್ಲ ಸೇರಿ, ದೇಹದ ಭಾಗ ಕಂಡಲ್ಲಿ ಬಿಸಾಡಬಾರದು ಅಂತ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಶೆಡ್ಡಿನ ಹಿಂದೆ ಮಣ್ಣು ಮಾಡಿಬಿಟ್ಟಿದ್ದರು! ಭಕ್ತಿಗೆ ಬೈಯೋದಾದರೂ ಹೇಗೆ? ಮಹಾನಂದಾ ಅವತ್ತು ಆ ಮಣ್ಣಿನ ಮುಂದೆ ಕೂತು ಅತ್ತಳು.

ಆಮೇಲೆ ಹಠ ಹಿಡಿದಳು. ಕರೆ ಇಲ್ಲದ ಹೊತ್ತಲ್ಲಿ ಟೀ ಅಂಗಡಿಯಿಂದ ಟೀ ಅಂಗಡಿಗೆ ಹೋಗಿ, ಬಜ್ಜಿಗೆ ಇಟ್ಟ ಮೆಣಸಿನಕಾಯಿ ಒಂದನ್ನು ಎತ್ತಿಕೊಂಡು, “ಇದ ನಿಮ್ಮ ಬೆರಳಂತ ತಿಳ್ಕೋರಿ” ಎಂದು ಶುರು ಮಾಡುತ್ತಿದ್ದಳು. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಬೇಕು. ತೊಳೆದ ಹಾಲಿನ ಕವರಿಗೆ ಹಾಕಿ ಗಂಟು ಕಟ್ಟಬೇಕು. ಆ ಕವರನ್ನು ಜ್ಯೂಸ್ ಅಂಗಡಿಯ ಐಸಿನ ಮೇಲೆ ಇಡಬೇಕು. ಐಸು ಬೆರಳನ್ನು ಮುಟ್ಟಕೂಡದು. “ಅಕ್ಕಾ, ಮೆಣಸಿನಕಾಯಿ ವಾಪಸ್ ಕೊಡಿ, ಬಜ್ಜಿಗೆ ಬೇಕು” ಎಂದು ಅಂಗಡಿಯವನು ಗೋಗರೆಯುತ್ತಿದ್ದ. ಹಾಗೆ ಅವಳಿಗೆ ಬೆರಳಕ್ಕ ಎಂದು ಹೆಸರು ಬಿತ್ತು.

ರಾಜಕೀಯದ ಮಾತು ಬಂದರೆ ಮಾತ್ರ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. ಚುನಾವಣೆ ಬಂದಾಗ ಬೈಕ್ ರ‍್ಯಾಲಿಯ ಮಧ್ಯೆ ಗಾಡಿ ಸಿಕ್ಕಿಕೊಂಡು ಸೈರನ್ ಬಡಿದುಕೊಳ್ಳುವಾಗ ನಲ್ಲಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಎಲ್ಲಾ ಪಕ್ಷಕ್ಕೂ ಸಮನಾಗಿ ಬೈಯುತ್ತಿದ್ದ. ಮಹಾನಂದಾ ಬೈಯುತ್ತಿರಲಿಲ್ಲ. “ನಲ್ಲಪ್ಪಣ್ಣ, ನಮ್ಮ ಮಂದಿ ಓಟು ಎಲ್ಲೈತಿ? ಊರಾಗೈತಿ. ಕೈ ಎಲ್ಲದಾವು? ಇಲ್ಲದಾವು. ಊರಿನ ಲೀಡರಿಗೆ ನಮ್ಮ ಕೈ ಕಾಣಂಗಿಲ್ಲ, ಇಲ್ಲಿನ ಲೀಡರಿಗೆ ನಮ್ಮ ಓಟು ಕಾಣಂಗಿಲ್ಲ. ಆ ಬಟನ್ ಹಾಕಸ್ರಿ ಅಂತ ಯಾರು ಕೇಳಬೇಕು?” ನಲ್ಲಪ್ಪ ಎಲೆಯಡಿಕೆ ಉಗಿದು, “ನೀನೇ ನಿಂತ್ಕೊ ಕಣಮ್ಮಣ್ಣಿ ಎಲೆಕ್ಷನ್ಗೆ” ಎಂದು ನಗುತ್ತಿದ್ದ.

ಅವಳ ಕೈಲಿದ್ದದ್ದು ಒಂದು ಹಾಳೆ, ಒಂದು ಪೆನ್ನು. ಹಾಳೆಯಲ್ಲಿ ‘ಘಟನೆ ನಡೆದ ಜಾಗ’ ಎಂದು ಒಂದು ಕಾಲಂ. ಅವಳು ಅಲ್ಲಿ ಬರೆದದ್ದನ್ನೇ ಆಸ್ಪತ್ರೆಯವರು ಬರೆದುಕೊಳ್ಳುವರು, ಆಸ್ಪತ್ರೆಯವರು ಬರೆದದ್ದನ್ನೇ ಪೊಲೀಸರು. ಫ್ಯಾಕ್ಟರಿ ಒಳಗೆ ಎಂದು ಬರೆದರೆ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರು ಬಂದು ಯಂತ್ರ ನೋಡಲೇಬೇಕು. ಅದಕ್ಕೇ ಕೆಲವು ಶೆಡ್ಡಿನವರು ಒಂದು ಉಪಾಯ ಕಲಿತಿದ್ದರು. ಪೆಟ್ಟಾದವನನ್ನು ಮೊದಲು ಗೇಟಿನಾಚೆ ರಸ್ತೆಗೆ ತರುವುದು, ಆಮೇಲೆ ಫೋನು ಮಾಡುವುದು. ಮಹಾನಂದಾ ಎಷ್ಟೋ ಸಲ ಜಗಳ ಆಡಿ, ಒಮ್ಮೆಯೂ ಸುಳ್ಳು ಬರೆಯದೆ ನಾಲ್ಕು ವರ್ಷ ಕಳೆದಿದ್ದಳು. ಅದು ಅವಳ ಹೆಮ್ಮೆ, ಸ್ವಲ್ಪ ಜಂಬ ಅಂತಲೂ ಅನ್ನಿ.

ಎರಡು ಸಾವಿರದ ಹನ್ನೆರಡು, ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಕರೆ ಬಂತು. ಯಾರೋ ಬೈಕಿನಿಂದ ಬಿದ್ದಿದ್ದಾರಂತೆ. ಹೋಗಿ ನೋಡಿದರೆ ಗೇಟಿನ ಪಕ್ಕ ಯಮನೂರ ಕೂತಿದ್ದಾನೆ. ಅವಳದೇ ಓಣಿಯ ಹುಡುಗ, ಇಪ್ಪತ್ತನಾಲ್ಕು ವಯಸ್ಸು, ದಿನಾ ಒಂದೇ ಖಾನಾವಳಿಯಲ್ಲಿ ಊಟ. ಬಲಗೈಗೆ ಯಂತ್ರ ಒರೆಸುವ ಬನಿಯನ್ ವೇಸ್ಟ್ ಸುತ್ತಿದ್ದರು, ಅದೆಲ್ಲ ರಕ್ತ. ಪಕ್ಕದಲ್ಲಿ ಮಲಗಿಸಿದ್ದ ಬೈಕಿನ ಕನ್ನಡಿ ಕೂಡ ಒಡೆದಿರಲಿಲ್ಲ. ಬಿಚ್ಚಿ ನೋಡಿದಳು. ಮೂರು ಬೆರಳಿಲ್ಲ.

“ಬೆರಳು ಎಲ್ಲಿ?” ಎಂದಳು.

ಸೂಪರ್‌ವೈಸರ್ ಈರೇಶ್ ಮುಂದೆ ಬಂದ. ದಾವಣಗೆರೆ ಕಡೆಯವನು, ಇಸ್ತ್ರಿ ಮಾಡಿದ ಶರ್ಟು, ಹಣೆಯಲ್ಲಿ ವಿಭೂತಿ. “ಯಾವ ಬೆರಳು ಮೇಡಂ? ರಸ್ತೆಯಲ್ಲಿ ಬಿದ್ದಿದಾನೆ. ಅಲ್ಲೇ ಎಲ್ಲೋ ಹೋಗಿರಬೇಕು.”

“ರಸ್ತೆಗೆ ಬಿದ್ದಾವಂಗ ಮೊಣಕೈ ತರಚಿಲ್ಲ, ಬೆರಳು ಕಡದಂಗ ಹೋಗ್ಯಾವು. ನನಗ ಕಥಿ ಹೇಳಬ್ಯಾಡ್ರಿ. ಹೊತ್ತು ಮೀರಿದ್ರ ಕೂಡಂಗಿಲ್ಲ. ತರ್ರಿ ಹೊರಗ!”

ಈರೇಶ್ ದನಿ ತಗ್ಗಿಸಿದ. “ನೀವು ಬೈಕ್ ಆಕ್ಸಿಡೆಂಟ್ ಅಂತ ಬರೀರಿ ಮೇಡಂ. ಹುಡುಕಿಸ್ತೀನಿ. ಸಿಕ್ಕರೂ ಸಿಗಬಹುದು.”

ಅವಳ ಮೈಯೆಲ್ಲ ಉರಿಯಿತು. ಬೆರಳು ಒಳಗಿದೆ. ಈ ಮನುಷ್ಯ ಅದನ್ನು ಅಡವಿಟ್ಟುಕೊಂಡಿದ್ದಾನೆ! ಪೊಲೀಸರನ್ನು ಕರೆದರೆ ಬರುವ ಹೊತ್ತಿಗೆ ಮಧ್ಯಾಹ್ನವಾಗುತ್ತೆ, ಅಷ್ಟರಲ್ಲಿ ಬೆರಳನ್ನು ಚರಂಡಿಗೆ ಹಾಕಿದರೆ ಕೇಳುವವರು ಯಾರು? ಅವಳು ಬಾಯಿ ತೆರೆಯುವ ಮೊದಲೇ ಯಮನೂರನೇ ಅಂದ, “ಅಕ್ಕಾ, ಬೈಕಂತ ಬರದುಬಿಡು. ನಮ್ಮೂರಾವ್ರು ಹದಿನಾಲ್ಕು ಮಂದಿ ಒಳಗದಾರ. ನನ್ನಿಂದ ಅವರೆಲ್ಲ ಹೊರಗ ಬೀಳೂದು ಬ್ಯಾಡ.”

ನಲ್ಲಪ್ಪ ಎಂಜಿನ್ ಆರಿಸಿರಲಿಲ್ಲ. “ಅಮ್ಮಣ್ಣಿ, ಟೈಮ್ ಓಯ್ತಾ ಐತೆ. ಆ ಉಡ್ಗನ ಕೈಯಾ, ನಿನ್ ಮಾತಾ? ಬೇಗ ಯೋಳು.”

ಬರೆದಳು. ‘ರಸ್ತೆ, ಬೈಕಿನಿಂದ ಬಿದ್ದು.’ ಈರೇಶ್ ಹಾಳೆಯನ್ನು ಓದಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು, ಗೇಟಿನ ಕಡೆ ಕೈ ಬೀಸಿದ. ಒಂದು ನಿಮಿಷ ಕೂಡ ಆಗಿಲ್ಲ, ವಾಚ್‌ಮನ್ ಒಂದು ಚೀಲ ತಂದು ಕೊಟ್ಟ. ಒಳಗೆ ಐಸು, ಐಸಿನ ಮೇಲೆ ಗಂಟು ಕಟ್ಟಿದ ಹಾಲಿನ ಕವರು, ಕವರಿನೊಳಗೆ ಒದ್ದೆ ಬಟ್ಟೆಯಲ್ಲಿ ಮೂರು ಬೆರಳು. ಟೀ ಅಂಗಡಿಯಲ್ಲಿ ಅವಳು ಹೇಳಿಕೊಟ್ಟ ಹಾಗೇ, ಒಂದು ಚೂರೂ ತಪ್ಪದೆ. ಖುಷಿಪಡಬೇಕೋ ಆ ಚೀಲದಿಂದಲೇ ಆ ಮನುಷ್ಯನ ಮುಖಕ್ಕೆ ಹೊಡೆಯಬೇಕೋ ತಿಳಿಯಲಿಲ್ಲ ಅವಳಿಗೆ.

ನಲ್ಲಪ್ಪ ತುಮಕೂರು ರಸ್ತೆಯಲ್ಲಿ ಗಾಡಿ ಓಡಿಸಿದ್ದನ್ನು ನೋಡಬೇಕಿತ್ತು ನೀವು. ಎರಡು ಬೆರಳು ಕೂಡಿಕೊಂಡವು, ಮೂರನೆಯದು ಕೂಡಲಿಲ್ಲ. ದೀಪಾವಳಿ ಹೊತ್ತಿಗೆ ಯಮನೂರ ಅದೇ ಕೈಯಲ್ಲಿ ಟೀ ಲೋಟ ಹಿಡಿದು ಅವಳ ಮುಂದೆ ನಿಂತು ಹಲ್ಲು ಕಿರಿದ. ಇಡೀ ಲಗ್ಗೆರೆ ಬೆರಳಕ್ಕನನ್ನು ಹೊಗಳಿತು. ಅವಳೂ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು: ಒಂದು ಗೆರೆ ಸುಳ್ಳು, ಎರಡು ಬೆರಳು ನಿಜ. ಏನು ತಪ್ಪು?

ಆದರೆ ಆ ಶೆಡ್ಡುಗಳಲ್ಲಿ ಒಂದು ರೂಢಿ ಇತ್ತು. ಒಬ್ಬ ಯಂತ್ರದ ಮುಂದಿನ ಸ್ಟೂಲಿನಿಂದ ಎದ್ದರೆ ಅವನ ಮನೆಯವರೇ ಬಂದು ಕೂರಬೇಕು, ಇಲ್ಲದಿದ್ದರೆ ಆ ಜಾಗ ಬೇರೆ ಊರಿನವರ ಪಾಲಾಗುತ್ತದೆ. ಯಮನೂರನನ್ನು ಪ್ಯಾಕಿಂಗಿಗೆ ಹಾಕಿದರು. ಸಂಕ್ರಾಂತಿ ಕಳೆದ ಮೇಲೆ ಖಾನಾವಳಿಯಲ್ಲಿ ಹೊಸ ಹುಡುಗಿಯೊಬ್ಬಳು ಮಹಾನಂದಾಳ ಎದುರು ಕೂತು, “ನಾ ಯಮನೂರನ ತಂಗಿ ಹೊಳೆವ್ವರೀ ಅಕ್ಕಾ. ಅಣ್ಣನ ಮಷೀನದಾಗ ನಾನ ಕುಂದರತೀನಿ ಈಗ” ಎಂದಳು. ಹೇಳುವಾಗ ಮುಖ ಅರಳಿತ್ತು, ಊರಲ್ಲಿ ಯಾವ ಹುಡುಗಿಗೂ ಇಲ್ಲದ ಕೆಲಸ ಸಿಕ್ಕಿತ್ತಲ್ಲ.

ಮಹಾನಂದಾ ಕೈಲಿದ್ದ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟಳು. “ಎರಡೂ ಬಟನ್ ಹಾಕ್ಯಾರೇನವ್ವಾ?”

“ಯಾವ ಬಟನ್ ಅಕ್ಕಾ? ಕಾಲಿಲೆ ಒತ್ತೂದಲ್ಲ?”

ಮಾರನೇ ದಿನವೇ ಶೆಡ್ಡಿಗೆ ಹೋದಳು. ಈರೇಶ್ ಕುರ್ಚಿ ಕೊಟ್ಟ, ಟೀ ತರಿಸಿದ, ಎಲ್ಲ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಅಂದ, “ಆ ಮಷೀನಲ್ಲಿ ಆಕ್ಸಿಡೆಂಟೇ ಆಗಿಲ್ವಲ್ಲ ಮೇಡಂ. ಆಗಿದ್ರೆ ಓನರ್‌ಗೆ ಹೇಳಿ ಕೈ ಒಳಗೆ ಹೋಗದ ಹಾಗೆ ಗಾರ್ಡ್ ಹಾಕಿಸ್ತಿದ್ದೆ. ನೀವೇ ಬರೆದಿದೀರಿ, ಬೈಕಿಂದ ಬಿದ್ದ ಅಂತ.” ಫೋಟೋ ತೋರಿಸಲೂ ಮೊಬೈಲ್ ಹೊರಗೆ ತೆಗೆದ. ಅವಳು ಟೀ ಮುಟ್ಟದೆ ಎದ್ದು ಬಂದಳು. ಇನ್ಸ್‌ಪೆಕ್ಟರರ ಆಫೀಸಿಗೆ ಹೋಗಿ ‘ನಾನೇ ಸುಳ್ಳು ಬರೆದೆ’ ಎಂದು ಹೇಳಿಬಿಡಲೇ ಎಂದು ಮೂರು ದಿನ ಯೋಚಿಸಿದಳು. ಕೆಲಸ ಹೋಗುತ್ತದೆ ಅನ್ನುವ ಭಯ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಅಂತ ಎರಡು ತಿಂಗಳು ಕಳೆಯಿತು. ಈ ಎರಡು ತಿಂಗಳ ವಿಷಯ ಅವಳು ಯಾರಿಗೂ ಹೇಳುವುದಿಲ್ಲ.

ಏಪ್ರಿಲ್‌ನಲ್ಲಿ ಕರೆ ಬಂತು. ಅದೇ ಗೇಟು. ರಸ್ತೆಯಲ್ಲಿ ಹೊಳೆವ್ವ. ಈ ಸಲ ಅವಸರಕ್ಕೆ ಬೈಕು ಸಿಗಲಿಲ್ಲವೋ ಏನೋ, ಒಂದು ಸೈಕಲ್ಲು ತಂದು ಪಕ್ಕಕ್ಕೆ ಮಲಗಿಸಿದ್ದರು. ಯಮನೂರ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ಬಡಿದುಕೊಂಡು ಅಳುತ್ತಿದ್ದ. ಅವಳ ಬಲಗೈ ಮಣಿಕಟ್ಟಿನವರೆಗೂ ಜಜ್ಜಿಹೋಗಿತ್ತು. ಕವರಿಗೆ ಹಾಕಿ ಐಸಿನ ಮೇಲೆ ಇಡಲು ಅಲ್ಲಿ ಏನೂ ಉಳಿದಿರಲಿಲ್ಲ.

ಅವಳನ್ನು ಗಾಡಿಗೆ ಹತ್ತಿಸಿ, ರಕ್ತ ನಿಲ್ಲಿಸಿ, ಡ್ರಿಪ್ ಹಾಕಿ, ಮಹಾನಂದಾ ಹಾಳೆ ಕೈಗೆ ತೆಗೆದುಕೊಂಡಳು. ಈರೇಶ್ ಹಿಂದಿನ ಬಾಗಿಲು ಹಿಡಿದು ನಿಂತಿದ್ದ. ಅವನು ಬಾಯಿ ಬಿಡುವ ಮುಂಚೆ ಹೊಳೆವ್ವ ಕಣ್ಣು ತೆರೆದಳು.

“ಅಣ್ಣಗ ಬೈಕ್ ಅಂತ ಬರದಿ. ನನಗ ಸೈಕಲ್ಲ ತುಳಿಯಾಕ ಬರಂಗಿಲ್ಲ ಅಕ್ಕಾ. ನನಗ ಏನಂತ ಬರೀತಿ?”

ಮಹಾನಂದಾ ಬರೆದಳು. ಈರೇಶ್ “ಮೇಡಂ, ಮೇಡಂ” ಅನ್ನುತ್ತಿದ್ದಂತೆ ನಲ್ಲಪ್ಪ ಇಳಿದು ಬಂದು ಅವನ ಮುಖದ ಮುಂದೆಯೇ ಬಾಗಿಲು ಹಾಕಿದ. ಗಾಡಿ ಹೊರಟಿತು.

“ಓದು” ಎಂದಳು ಹೊಳೆವ್ವ. ಅವಳಿಗೆ ಓದಲು ಬರುತ್ತಿರಲಿಲ್ಲ.

“ಫ್ಯಾಕ್ಟರಿ ಒಳಗೆ. ಪವರ್ ಪ್ರೆಸ್. ಬಟನ್ ಇಲ್ಲ, ಗಾರ್ಡ್ ಇಲ್ಲ.”

“ಇನ್ನೊಮ್ಮೆ ಓದು.”

ಓದಿದಳು. ಸಿಟ್ಟಿರಲಿಲ್ಲ ಹೊಳೆವ್ವನ ಮಾತಿನಲ್ಲಿ, ನಿಜವಾಗಿಯೂ ತಿಳಿಯದೆ ಕೇಳಿದಳು.

“ಬರಿಯೂದು ಇಷ್ಟ ಇತ್ತಲ್ಲ ಅಕ್ಕಾ. ಅವತ್ತ ಅಣ್ಣಂದೂ ಹಿಂಗ ಬರದಿದ್ರ ನನ್ನ ಕೈ ಉಳೀತಿತ್ತೇನು?”

ಆಸ್ಪತ್ರೆ ಬರುವವರೆಗೂ ಮಹಾನಂದಾ ಅವಳ ಎಡಗೈ ಹಿಡಿದುಕೊಂಡೇ ಕೂತಿದ್ದಳು.